ಕರಿವಾಡೆಯ ಬಾಗಿಲು

ಜಮಖಂಡಿ
೯ ಜೂನ್ ೨೦೨೪

‘ಕರಿವಾಡೆ’ ಚಿತ್ರವನ್ನು ಮಾಡಿದವರಿಗೆ,

ನಿಮ್ಮ ಚಿತ್ರವನ್ನು ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಟಿ.ವಿ.ಯಲ್ಲಿ ನೋಡಿದೆ. ಸೊಸೆ ಸರಿತಾ ತನ್ನ ಮೊಬೈಲಿನಿಂದ ಹಚ್ಚಿದಳು. “ಮಾಮಾರ, ಕೈಲೆ ತಗದ ಚಿತ್ರದ ಪಿಚ್ಚರ್ ಐತಿ, ನೋಡ್ರಿ. ಯಾರ ಮಾಡ್ಯಾರಂತ ಆಮ್ಯಾಲೆ ಹೇಳ್ತೇನಿ” ಎಂದಳು. ಅವಳು ಹೇಳಬೇಕಾಗಲಿಲ್ಲ. ಹೊನ್ನಿ ಎಂಬ ಆ ಹುಡುಗಿ ಕೋಟೆಯಂಥ ಆ ವಾಡೆಯ ಮೊದಲ ಮೆಟ್ಟಿಲು ಹತ್ತುವಾಗಲೇ ಗೊತ್ತಾಯಿತು. ಕಲ್ಲಿನ ಅಂಚಿಗೆ ಬೆಳಕನ್ನು ಹಾಗೆ ಎಳೆಯುವವರು ಈ ಸೀಮೆಯಲ್ಲಿ ಇಬ್ಬರೇ. ಒಬ್ಬ ನಾನು.

ಆದರೂ ಪರಿಚಯ ಹೇಳಿಕೊಳ್ಳುವುದು ಕ್ರಮ. ನಾನು ನಾಟಕ ಕಂಪನಿಗಳಿಗೆ ಪರದೆ ಬರೆದು ಬದುಕಿದವನು. ದರ್ಬಾರು, ಬೀದಿ, ಕಾಡು, ಸ್ಮಶಾನ, ಎಲ್ಲ ಬರೆದಿದ್ದೇನೆ. ನನ್ನ ಕಾಡಿನ ಪರದೆ ಇಳಿಬಿಟ್ಟರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಆ ಕಾಡಿನಲ್ಲಿ ಒಂದು ಎಲೆಯೂ ನನಗಾಗಿ ಅಲ್ಲಾಡಲಿಲ್ಲ. ನಿಮ್ಮ ಚಿತ್ರದಲ್ಲಿ ಹೊಳೆಯ ಮೇಲಿನ ಮಂಜು ಎದ್ದು ಬಂಡೆಯನ್ನು ಸುತ್ತಿ, ಸಾವಕಾಶವಾಗಿ ವಾಡೆಯ ಕಿಟಕಿಯೊಳಗೆ ಹೋಗುವುದನ್ನು ನೋಡಿ ನಾನು ಕುರ್ಚಿಯಿಂದ ಎದ್ದು ಟಿ.ವಿ.ಯ ಹತ್ತಿರ ಹೋದೆ. ಮನೆಯಾಕೆ ಕೆಂಪವ್ವ, “ಅಡ್ಡ ನಿಂದರಬ್ಯಾಡ್ರಿ, ನಮಗೂ ಕಾಣ್ಲಿ” ಎಂದಳು.

ಹೊನ್ನಿಯ ಜೊತೆಗಿರುವ ಆ ಮುಧೋಳ ನಾಯಿಯ ಓಟ. ಅದರ ಬೆನ್ನು ಬಿಲ್ಲಿನ ಹಾಗೆ ಬಾಗಿ, ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಡುತ್ತವೆ. ಕೈಯಿಂದ ಬರೆದ ಗೆರೆಗೆ ಉಸಿರಾಟ ಬರುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿದೆ.

ಇನ್ನು ದೋಷಗಳು. ಹೊನ್ನಿಯ ಕೈಗಳು ಸರಿಯಿಲ್ಲ, ಬೆರಳುಗಳು ಹಸಿಮೆಣಸಿನಕಾಯಿಯಂತೆ ಇವೆ. ನೆಲಮಾಳಿಗೆಯ ದೃಶ್ಯದಲ್ಲಿ ಬೆಳಕು ಎರಡು ಕಡೆಯಿಂದ ಬರುತ್ತದೆ. ಹಿಡಿದಿರುವ ದೀಪ ಒಂದೇ. ಬಾವಲಿಗಳ ಜೊತೆಗಿನ ಜಗಳ ಬಹಳ ಉದ್ದವಾಯಿತು, ಕೆಂಪವ್ವ ಆ ಹೊತ್ತಿನಲ್ಲಿ ಎದ್ದು ಚಹಾ ಮಾಡಿಕೊಂಡು ಬಂದಳು. ಕೊನೆಗೆ ವಾಡೆ ಕುಸಿದು ಬೀಳುವುದು ಅವಸರದ ಕೆಲಸ. ಕಥೆ ಮುಗಿಸಲು ಬಾರದವರು ಕಟ್ಟಡ ಬೀಳಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ದೋಷ ನಿಮ್ಮ ದೇಸಾಯಿ. ಸತ್ತ ಮೇಲೂ ಊರಿನ ದೀಪಗಳನ್ನೆಲ್ಲ ಕಸಿದು ತನ್ನ ವಾಡೆಯಲ್ಲಿ ಕೂಡಿಟ್ಟ ದೊರೆ, ಸರಿ. ಆದರೆ ಅವನು ಉದ್ದನೆಯ ಕರಿ ಅಂಗಿ ಮತ್ತು ಎರಡು ಕೆಂಪು ಕಣ್ಣು ಮಾತ್ರ. ಅಂಗಿಯ ಒಳಗೆ ಯಾರೂ ಇಲ್ಲ.

ಒಂದು ದೃಶ್ಯದ ಬಗ್ಗೆ ಬರೆಯಲು ಕುಳಿತೆ, ಆಗಲಿಲ್ಲ. ಇನ್ನೊಮ್ಮೆ ನೋಡಿ ಬರೆಯುತ್ತೇನೆ.

ಒಬ್ಬ ಪ್ರೇಕ್ಷಕ,
ನಾಮದೇವ ಮಿರಜಕರ


ಅನಗವಾಡಿ
೨೩ ಜೂನ್ ೨೦೨೪

ಅಪ್ಪ,

ನಾಲ್ಕು ವರ್ಷಗಳ ಮೇಲೆ ನಿಮ್ಮ ಅಕ್ಷರ ನೋಡಿದೆ. ನೀವು ನನ್ನನ್ನು ‘ನೀವು’ ಎಂದು ಕರೆದದ್ದು ಇದೇ ಮೊದಲು. ಓದುವಾಗ ನಗು ಬಂತು, ಆಮೇಲೆ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ನೀವು ಪ್ರೇಕ್ಷಕರಾಗಿಯೇ ಇರುತ್ತೀರಿ ಎಂದರೆ ನನ್ನ ಅಭ್ಯಂತರವಿಲ್ಲ. ಎರಡು ಸಲ ಫೋನ್ ಮಾಡಿದಾಗ ನೀವು ಎತ್ತಿಕೊಂಡು ಸುಮ್ಮನೆ ಉಸಿರಾಡಿದ್ದೀರಿ. ಅದಕ್ಕಿಂತ ಇದು ಮೇಲು.

ಕೈಗಳ ಬಗ್ಗೆ ಒಪ್ಪಿದೆ. ಕೈ ಬರೆಯುವುದನ್ನು ನೀವು ಕಲಿಸುವ ಮುಂಚೆಯೇ ನಾನು ಮನೆ ಬಿಟ್ಟೆ. ಬೆಳಕಿನ ತಪ್ಪನ್ನೂ ಒಪ್ಪಿದೆ. ಬಾವಲಿಗಳನ್ನು ಕತ್ತರಿಸಲು ಮನಸ್ಸು ಬರುತ್ತಿಲ್ಲ, ಅವು ಒಂದು ಇಡೀ ಮಳೆಗಾಲದ ಕೆಲಸ.

ಇದನ್ನು ಮಾಡಿದ್ದು ನಾನೊಬ್ಬಳೇ ಅಲ್ಲ. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು, ಮನೆಗೆ ಬಂದು ಮತ್ತೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಧ್ವನಿಯ ಕೆಲಸವೆಲ್ಲ ನಮ್ಮ ಮನೆಯವರದು, ಯಲ್ಲಾಲಿಂಗ ಅವರದು. ವಾಡೆಯೊಳಗೆ ಊಳಿಡುವ ಗಾಳಿ ಇದೆಯಲ್ಲ, ಅದು ನಮ್ಮ ಕಬ್ಬಿನ ಹೊಲದ ಗಾಳಿ. ಕುರಿ ಕಾಯಲು ಹೋದಾಗ ಮೊಬೈಲಿನಲ್ಲಿ ಹಿಡಿದು ತರುತ್ತಿದ್ದರು. ದೇಸಾಯಿಯ ದನಿಯೂ ಅವರದೇ. ಬಾಗಿಲು ಕಾಯುವ ಮುದುಕಿಯ ದನಿ ನಮ್ಮ ಅತ್ತೆ ತಂಗೆವ್ವನವರದು. ನಾನು ಬರೆದುಕೊಟ್ಟ ಮಾತನ್ನು ಒಮ್ಮೆ ಕೇಳಿ, “ಹಿಂಗ ಯಾರ ಮಾತಾಡ್ತಾರ? ನಾ ಹೇಳ್ತೇನಿ ತಗೊ” ಎಂದು ತಮ್ಮದೇ ಮಾತು ಆಡಿದರು. ಡೊಳ್ಳು ಮಾವ ಕಾಮಣ್ಣನವರದು. ಬೀರೇಶ್ವರನ ಗುಡಿಯ ಮುಂದೆ ಬಾರಿಸುವವರು ದೆವ್ವದ ಚಿತ್ರಕ್ಕೆ ಬಾರಿಸುತ್ತಾರೋ ಇಲ್ಲವೋ ಎಂದು ಹೆದರಿದ್ದೆ. “ದೆವ್ವಾ ಓಡಸಾಕ ಬಾರಸೂದ ಹೌದಲ್ಲ?” ಎಂದು ಡೊಳ್ಳು ಹೆಗಲಿಗೆ ಹಾಕಿಕೊಂಡರು.

ದೇಸಾಯಿಯ ಅಂಗಿಯೊಳಗೆ ಯಾರೂ ಇಲ್ಲ ಎಂದಿದ್ದೀರಿ. ಇರಬೇಕೆಂದು ನನಗೆ ಅನ್ನಿಸಲಿಲ್ಲ.

ಅವ್ವನ ಮೊಣಕಾಲು ಹೇಗಿದೆ?

ನಿಮ್ಮ
ಪ್ರತಿಮಾ


ಜಮಖಂಡಿ
೧೮ ಜುಲೈ ೨೦೨೪

ಪ್ರತಿಮಾ,

ಮೊಣಕಾಲು ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ಬೈಯುತ್ತಾಳೆ, ಹತ್ತುವಾಗ ಸುಮ್ಮನಿರುತ್ತಾಳೆ.

ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. ಶಿವಾಜಿ ಅಂಗಡಿಯಿಂದ ಬಂದವನು, “ಅಪ್ಪಾರ, ಮತ್ತ ಅದನ್ನಽ ಹಚ್ಚೀರಿ?” ಎಂದು ಕೇಳಿದ. ತಂಗಿಯ ಕೆಲಸ ಎಂದು ಅವನಿಗೆ ಗೊತ್ತು. ನಿಂತುಕೊಂಡೇ ಪೂರ್ತಿ ನೋಡಿದ.

ಆ ಮುದುಕಿಯ ದನಿ ಬಹಳ ದೊಡ್ಡ ಕೆಲಸ. ಕಂಪನಿಯಲ್ಲಿ ಅಂಥ ದನಿಗೆ ಮಾಲೀಕರು ಊರೂರು ಹುಡುಕುತ್ತಿದ್ದರು. ಡೊಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಇದನ್ನು ಅವರಿಗೆ ತಿಳಿಸು.

ಈಗ ಆ ದೃಶ್ಯ. ಹೊನ್ನಿ ಮೊದಲ ಸಲ ವಾಡೆಗೆ ಬಂದು, ಮನೆಗೆ ಒಂದೇ ಒಂದು ದೀಪ ಕೊಡಿ ಎಂದು ಕೇಳುತ್ತಾಳೆ. ದೇಸಾಯಿ ಮಾತಾಡುವುದಿಲ್ಲ. ಬಾಗಿಲು ಮುಚ್ಚುತ್ತದೆ. ಅಗಳಿ ಬೀಳುವ ಸಪ್ಪಳ. ಆಮೇಲೆ ಮೇಲಿನ ಕಿಟಕಿಯ ಬೆಳಕೂ ಆರುತ್ತದೆ. ಹುಡುಗಿ ಹಾಗೆಯೇ ನಿಂತಿರುತ್ತಾಳೆ. ಅವಳ ಪಕ್ಕ ನಾಯಿ ಕೂಡುತ್ತದೆ. ಇಡೀ ಚಿತ್ರದಲ್ಲಿ ಇದಕ್ಕಿಂತ ನಿಜವಾದ ದೃಶ್ಯ ಇಲ್ಲ. ಗೆರೆ, ಬೆಳಕು, ಹೊತ್ತು, ಯಾವುದರಲ್ಲೂ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಆದರೆ ಅಗಳಿಯ ಸಪ್ಪಳ ಒಳಗಿನಿಂದ ಬೇರೆ ಇರುತ್ತದೆ.

ನೀನು ಒಮ್ಮೆಯೂ ಬಾಗಿಲಿನ ಆಚೆ ಹೋಗಿ ತೋರಿಸಿಲ್ಲ. ಅಗಳಿ ಹಾಕಿದ ಮೇಲೆ ಅವನು ಏನು ಮಾಡುತ್ತಾನೆ? ತಿರುಗಿ ಹೋಗುತ್ತಾನೆಯೇ? ಅಲ್ಲೇ ನಿಲ್ಲುತ್ತಾನೆಯೇ? ಅದೊಂದು ದೃಶ್ಯ ಹಾಕಿದರೆ ಅಂಗಿಯೊಳಗೆ ಒಬ್ಬ ಮನುಷ್ಯ ಬರುತ್ತಾನೆ. ಕಲೆಯ ದೃಷ್ಟಿಯಿಂದ ಹೇಳುತ್ತಿದ್ದೇನೆ.

ನಾಮದೇವ


ಅನಗವಾಡಿ
೪ ಆಗಸ್ಟ್ ೨೦೨೪

ಅಪ್ಪ,

ಕಲೆಯ ದೃಷ್ಟಿಯಿಂದಲೇ ಉತ್ತರ ಬರೆಯುತ್ತೇನೆ.

ಬಾಗಿಲಿನ ಒಳಗೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ನಾನು ಹೊರಗಿದ್ದೆ. ನಿಮ್ಮ ಒಪ್ಪಿಗೆ ಇಲ್ಲದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ ಯಲ್ಲಾಲಿಂಗ ಅವರನ್ನು ಕರೆದುಕೊಂಡು ನೇರವಾಗಿ ಮನೆಗೆ ಬಂದ ಸಂಜೆ, ನಾನು ಬಾಗಿಲ ಹೊರಗೆ ನಿಂತು ಅಗಳಿಯ ಸಪ್ಪಳ ಕೇಳಿದೆ. ಆಮೇಲೆ ಮಾಳಿಗೆಯ ದೀಪ ಆರಿತು. ನನಗೆ ಗೊತ್ತಿದ್ದಷ್ಟನ್ನು ಬರೆದೆ. ಕಾಣದ್ದನ್ನು ಬರೆಯಬೇಡ ಎಂದು ಕಲಿಸಿದವರು ನೀವು.

ಆ ಸಂಜೆ ಯಲ್ಲಾಲಿಂಗ ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಿಮ್ಮ ಬಗ್ಗೆ ಒಂದೂ ಕೆಟ್ಟ ಮಾತು ಆಡಲಿಲ್ಲ. ಇಂದಿಗೂ ಆಡಿಲ್ಲ. ನಿಮ್ಮ ಎರಡೂ ಪತ್ರಗಳಲ್ಲಿ ಮುದುಕಿಯ ದನಿಗೆ ಹೊಗಳಿಕೆ ಇದೆ, ಡೊಳ್ಳಿಗೆ ಇದೆ, ನಾಯಿಗೂ ಇದೆ. ದೇಸಾಯಿಯ ದನಿ ಯಾರದೆಂದು ನಾನು ತಿಳಿಸಿದ ಮೇಲೂ ಅವರ ಹೆಸರು ಎಲ್ಲಿಯೂ ಇಲ್ಲ.

ಬಾಗಿಲಿನ ಒಳಗೆ ಇದ್ದವರು ನೀವು. ಆ ದೃಶ್ಯ ಬೇಕಾದರೆ ನೀವೇ ಬರೆದು ಕಳಿಸಿ. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಬೇಕು ಎಂದು ಮಾತ್ರ ನೆನಪಿರಲಿ. ಪರದೆಯ ಹಾಗೆ ಒಂದು ಬರೆದು ಇಳಿಬಿಟ್ಟರೆ ಆಗುವುದಿಲ್ಲ.

ಪ್ರತಿಮಾ


ಜಮಖಂಡಿ
೨೭ ಅಕ್ಟೋಬರ್ ೨೦೨೪

ಪ್ರೀತಿಯ ಪ್ರತಿಮಾ,

ನಾನು ಸರಿತಾ ವೈನಿ. ನೀನು ಆಗಸ್ಟಿನಲ್ಲಿ ಮಾಮಾರಿಗೆ ಏನು ಬರೆದೆಯೋ ನನಗೆ ಗೊತ್ತಿಲ್ಲ. ಆ ಪತ್ರ ಓದಿ ಎಂಟು ದಿನ ಯಾರ ಜೊತೆಗೂ ಮಾತಿಲ್ಲ. ಅತ್ತಿ ಮಾತ್ರ, “ಅವರಿಗೆ ಯಾರೂ ಏನೂ ಕೇಳಬ್ಯಾಡ್ರಿ. ಅವರು ತಲಿ ಒಳಗ ಏನೋ ಬರಿಯಾಕತ್ತಾರ” ಎಂದು ನಮ್ಮನ್ನೆಲ್ಲ ದೂರ ಇಟ್ಟರು.

ಆಮೇಲೆ ಒಂದು ದಿನ ನಿನ್ನ ಅಣ್ಣನಿಗೆ ಹೇಳಿ ತೆಳ್ಳನೆಯ ಹಾಳೆಗಳ ಗಂಟು ತರಿಸಿದರು. ಊಟದ ಕೋಣೆಯ ಕಿಟಕಿಯ ಗಾಜಿಗೆ ಹಾಳೆ ಹಚ್ಚಿ, ಅದರ ಮೇಲೆ ಇನ್ನೊಂದು ಹಚ್ಚಿ, ಬಿಸಿಲು ಇರುವತನಕ ಬರೆಯುತ್ತಾರೆ. ಕೈ ಸ್ವಲ್ಪ ನಡುಗುತ್ತದೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಗೆರೆ ಎಳೆಯುತ್ತಾರೆ. ಮೊನ್ನೆ ಹಾಳೆಗಳನ್ನು ಹೆಬ್ಬೆರಳಿನಿಂದ ಪಟಪಟನೆ ಬಿಟ್ಟು ನೋಡಿ, ಗೋಡೆಗೆ ಒರಗಿ ಕೂತುಬಿಟ್ಟರು. ಗಾಬರಿಯಾಗಿ ನೀರು ಕೊಟ್ಟೆ. “ಏನೂ ಆಗಿಲ್ಲವಾ. ಅಂವ ಅಲ್ಲಾಡಿದ” ಎಂದರು.

ಇದನ್ನು ತಿಳಿಸಬೇಕೆನ್ನಿಸಿತು. ನಾನು ಬರೆದೆ ಎಂದು ಹೇಳಬೇಡ.

ನಿನ್ನ ವೈನಿ,
ಸರಿತಾ


ಜಮಖಂಡಿ
೧೫ ಡಿಸೆಂಬರ್ ೨೦೨೪

ಪ್ರತಿಮಾ,

ಜೊತೆಗೆ ಹಾಳೆಗಳಿವೆ. ಮೂಲೆಯಲ್ಲಿ ಸಂಖ್ಯೆ ಹಾಕಿದ್ದೇನೆ. ಮಡಿಕೆ ಬೀಳದಂತೆ ಶಿವಾಜಿ ಎರಡು ರಟ್ಟಿನ ನಡುವೆ ಕಟ್ಟಿದ್ದಾನೆ.

ಬೆಳಕು ಬಾಗಿಲಿನ ಕೆಳಗಿನ ಸಂದಿನಿಂದ ಮಾತ್ರ ಬರಬೇಕು. ಅದು ಹೊರಗಿನ ಬೆಳಕು. ಹೊರಗೆ ನಿಂತವರ ಕಾಲಿನ ನೆರಳು ಆ ಸಂದಿನಲ್ಲಿ ಕಾಣುತ್ತದೆ. ಅವನು ಅದನ್ನೇ ನೋಡುತ್ತಾನೆ. ಅಗಳಿಯ ಮೇಲೆ ಇಟ್ಟ ಕೈಯನ್ನು ತೆಗೆಯುವುದಿಲ್ಲ. ತೆಗೆದರೆ ಸಪ್ಪಳವಾಗುತ್ತದೆ. ಸಪ್ಪಳವಾದರೆ ಹೊರಗಿನವರಿಗೆ ಅವನು ಇನ್ನೂ ಅಲ್ಲೇ ಇದ್ದಾನೆ ಎಂದು ತಿಳಿಯುತ್ತದೆ. ಮಾಳಿಗೆಯ ದೀಪ ಆರಿಸುವುದು ಅವನಲ್ಲ, ಮನೆಯಲ್ಲಿ ಇನ್ನೊಬ್ಬರು. ಅವರು ಕಿಟಕಿಯಿಂದ ಕೆಳಗೆ ನೋಡಲಾರದೆ ಆರಿಸುತ್ತಾರೆ. ನೆರಳು ಸರಿದು ಹೋಗುತ್ತದೆ. ಆಮೇಲೂ ಅವನು ನಿಂತೇ ಇರುತ್ತಾನೆ. ಈ ಭಾಗವನ್ನು ಎಷ್ಟು ಹೊತ್ತು ಇಡಬೇಕು ಎಂಬುದು ನಿನಗೆ ಬಿಟ್ಟದ್ದು. ನಿಜಕ್ಕೂ ಬಹಳ ಹೊತ್ತು.

ಕಣ್ಣು ಕೆಂಪು ಬೇಡ.

ದೇಸಾಯಿಯ ದನಿ ಚೆನ್ನಾಗಿದೆ. ಎದೆಯಿಂದ ಬರುತ್ತದೆ. ಮೊದಲೇ ಬರೆಯಬೇಕಾಗಿತ್ತು.

ನಿನ್ನ ಅಪ್ಪ


ಅನಗವಾಡಿ
೧೯ ಜನವರಿ ೨೦೨೫

ಅಪ್ಪ,

ನಿಮ್ಮ ಹಾಳೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿ ಮೊದಲ ಸಲ ಓಡಿಸಿದಾಗ ನಾವು ನಾಲ್ವರೂ ಪಡಸಾಲೆಯಲ್ಲಿದ್ದೆವು. ನಿಮ್ಮ ಗೆರೆ ನಡುಗುತ್ತದೆ. ಪ್ರತಿ ಚಿತ್ರದಲ್ಲಿ ಸ್ವಲ್ಪ ಸ್ವಲ್ಪ ಬೇರೆ ನಡುಗುತ್ತದೆ, ಅದರಿಂದ ದೇಸಾಯಿ ಸುಮ್ಮನೆ ನಿಂತಿದ್ದರೂ ಒಳಗೆ ಅದುರುತ್ತಿರುವ ಹಾಗೆ ಕಾಣುತ್ತಾನೆ. ಇಂಥದನ್ನು ನಾನು ಬೇಕೆಂದು ಮಾಡಿದರೂ ಆಗುತ್ತಿರಲಿಲ್ಲ. ನನ್ನ ಮೂರು ವರ್ಷದ ಕೆಲಸದಲ್ಲಿ ಇದರ ಪಕ್ಕ ನಿಲ್ಲುವಂಥದ್ದು ಒಂದೂ ಇಲ್ಲ.

ಹಾಕಲೋ ಬೇಡವೋ ಎಂದು ಬಹಳ ಯೋಚಿಸಿದೆ. ನೋಡಿದವರಿಗೆ ದೇಸಾಯಿಯ ಮೇಲೆ ಕರುಣೆ ಬರುತ್ತದೆ. ಹೊರಗೆ ನಿಂತವಳನ್ನು ಮರೆತುಬಿಡುತ್ತಾರೆ ಎಂದು ಸಿಟ್ಟೂ ಬಂತು. ಯಲ್ಲಾಲಿಂಗ ಅವರೇ ಹೇಳಿದರು, “ಹಾಕು. ಒಳಗ ನಿಂತಾಂವಗೂ ಕತ್ತಲಽ ಇತ್ತು. ಅದನ್ನ ತೋರಸಿದ್ರ ನಿನ್ನ ಹುಡುಗಿಗೇನ ಕಡಿಮಿ ಆಗೂದಿಲ್ಲ.”

ಹಾಕಿದ್ದೇನೆ. ಆದರೆ ಹೊನ್ನಿಯ ದಾರಿ ಬದಲಾಗಿಲ್ಲ. ಹೊಳೆಯ ಕಡೆಯ ಸುರಂಗದಿಂದ ನಾಯಿಯ ಜೊತೆ ಒಳಗೆ ಹೋಗುತ್ತಾಳೆ, ದೀಪ ತೆಗೆದುಕೊಳ್ಳುತ್ತಾಳೆ, ಮುಂಬಾಗಿಲಿನಿಂದ ಹೊರಗೆ ಬರುತ್ತಾಳೆ, ಹಿಂದೆ ಬಾಗಿಲು ಮುಚ್ಚುತ್ತದೆ. ಕಟ್ಟಡ ಬೀಳುವುದಿಲ್ಲ, ನಿಮ್ಮ ಮಾತು ಕೇಳಿದೆ. ಅವಳು ಮೆಟ್ಟಿಲು ಇಳಿಯುವಾಗ ದೇಸಾಯಿ ಬಾಗಿಲಿನ ಒಳಗಿನಿಂದ “ಈ ಬಾಗಲಾ ಇನ್ನ ತೆಗಿಯೂದಿಲ್ಲ” ಎನ್ನುತ್ತಾನೆ. ಅವಳು ಉತ್ತರ ಕೊಡದೆ ಹೋಗುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಬಾವಲಿಗಳನ್ನು ಅರ್ಧಕ್ಕೆ ಇಳಿಸಿದೆ.

ಫೆಬ್ರುವರಿ ಒಂಬತ್ತರ ರವಿವಾರ ಮಧ್ಯಾಹ್ನ ನಮ್ಮ ಊರ ಸಭಾಭವನದಲ್ಲಿ ಹೊಸ ‘ಕರಿವಾಡೆ’ ತೋರಿಸುತ್ತೇವೆ. ಚಿತ್ರದ ಕೊನೆಯಲ್ಲಿ ನಿಮ್ಮ ಹೆಸರಿದೆ. ನೀವು ಬರಬೇಕು. ಬಂದರೆ ಸಭಾಭವನದಿಂದಲೇ ತಿರುಗಿ ಹೋಗುವಂತಿಲ್ಲ. ನಮ್ಮ ಮನೆಗೆ ಬಂದು ಊಟ ಮಾಡಬೇಕು. ಅದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಪ್ರೇಕ್ಷಕರಾಗಿಯೂ ಬರಬೇಡಿ.

ಪ್ರತಿಮಾ


ಅನಗವಾಡಿ
೧೦ ಫೆಬ್ರುವರಿ ೨೦೨೫

ಅವ್ವ,

ನಿನ್ನ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗಲಿಲ್ಲ ಎಂದು ಅಪ್ಪ ಹೇಳಿದರು. ನಿನ್ನೆ ಇಲ್ಲಿ ಆದದ್ದನ್ನು ಅವರು ನಿನಗೆ ಹೇಳುವುದಿಲ್ಲ. ಅದಕ್ಕೆ ನಾನೇ ಬರೆದು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಸರಿತಾ ವೈನಿ ಓದಿ ಹೇಳಲಿ.

ಅಪ್ಪ ಬರುತ್ತಾರೆ ಎಂದು ನನಗೆ ನಂಬಿಕೆ ಇರಲಿಲ್ಲ. ಸಭಾಭವನದ ಕಿಟಕಿಗಳಿಗೆ ಬೆಳಕು ಬಾರದಂತೆ ನಮ್ಮ ಮನೆಯ ಕಂಬಳಿ, ಅಕ್ಕಪಕ್ಕದವರ ಕಂಬಳಿ, ಎಲ್ಲ ಕಟ್ಟಿದ್ದೆವು. ಒಳಗೆ ಕುರಿಯ ವಾಸನೆ, ಕತ್ತಲೆ. ಜನ ನೆಲದ ಮೇಲೆ ಒತ್ತಿಕೊಂಡು ಕೂತಿದ್ದರು. ನಾನು ಮುಂದೆ ಲ್ಯಾಪ್‌ಟಾಪಿನ ಹತ್ತಿರ ಇದ್ದೆ. ಅಪ್ಪ ಯಾವಾಗ ಬಂದು ಹಿಂದಿನ ಗೋಡೆಗೆ ನಿಂತರೋ ನೋಡಲಿಲ್ಲ.

ನಾಯಿ ಓಡಿದಾಗ ಹುಡುಗರು ಎದ್ದು ನಿಂತರು. ಅಪ್ಪ ಬರೆದ ದೃಶ್ಯ ಬಂದಾಗ, ಬಾಗಿಲಿನ ಸಂದಿನ ಬೆಳಕಿನಲ್ಲಿ ನೆರಳು ಸರಿದು ಹೋಗಿ ದೇಸಾಯಿ ನಿಂತೇ ಇದ್ದಾಗ, ಅತ್ತೆ ತಮ್ಮ ಪಕ್ಕದವರಿಗೆ ಮೆಲ್ಲಗೆ, “ಪಾಪ, ತೆಗ್ಯಾಕ ಕೈ ಬರವಲ್ಲದು ನೋಡ್ರಿ” ಎಂದದ್ದು ಇಡೀ ಸಭೆಗೆ ಕೇಳಿತು.

ಮುಗಿಯಲು ಇನ್ನು ಸ್ವಲ್ಪವೇ ಇರುವಾಗ ಸೌಂಡ್ ಬಾಕ್ಸ್ ಒಮ್ಮೆ ಗುರ್ರೆಂದು ಸುಟ್ಟ ವಾಸನೆ ಬಿಟ್ಟು ಬಂದ್ ಆಯಿತು. ಚಿತ್ರ ಓಡುತ್ತಿದೆ, ದನಿ ಇಲ್ಲ. ಯಲ್ಲಾಲಿಂಗ ಇನ್ನೊಂದು ಬಾಕ್ಸ್ ತರಲು ಹೊರಗೆ ಓಡಿದರು. ನಾನು ಚಿತ್ರ ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಕತ್ತಲೆಯೊಳಗಿಂದ ಡೊಳ್ಳು ಕೇಳಿತು. ಚಿತ್ರ ಶುರುವಾಗುವ ಮುಂಚೆ ಬಾರಿಸಿದ್ದ ಡೊಳ್ಳನ್ನು ಮಾವ ಕೂತಲ್ಲಿಯೇ ಮತ್ತೆ ಬಾರಿಸತೊಡಗಿದ್ದರು. ಮುದುಕಿ ತೆರೆಯ ಮೇಲೆ ಬಂದಾಗ ಅತ್ತೆ ಜನರ ನಡುವಿನಿಂದಲೇ ಅವಳ ಮಾತು ಆಡಿದರು. ಹೊನ್ನಿಯ ಮಾತು ನಾನು ಆಡಿದೆ. ಅವ್ವ, ಅಲ್ಲಿ ಚಿತ್ರ, ಇಲ್ಲಿ ನಮ್ಮ ಉಸಿರು. ಜನ ಒಮ್ಮೆ ತೆರೆ ನೋಡುತ್ತಾರೆ, ಒಮ್ಮೆ ನಮ್ಮನ್ನು ನೋಡುತ್ತಾರೆ.

ಹೊನ್ನಿ ದೀಪ ಹಿಡಿದು ಮೆಟ್ಟಿಲು ಇಳಿಯತೊಡಗಿದಳು. ಹಿಂದೆ ಮುಚ್ಚಿದ ಬಾಗಿಲು. ಈಗ ದೇಸಾಯಿ ಮಾತಾಡಬೇಕು. ಆ ದನಿಯವರು ಹೊರಗೆ ಹೋಗಿದ್ದಾರೆ. ಮಾವ ಡೊಳ್ಳು ನಿಲ್ಲಿಸಿದರು.

ಆಗ ಹಿಂದಿನ ಗೋಡೆಯಿಂದ ಒಂದು ದನಿ ಬಂತು.

“ಹೊನ್ನೀ, ನಿಂದರವಾ. ಅಗಳಿ ತಗದೇನಿ. ಹೊರಗ ಬರಾಕ ನನಗ ದಾರಿ ಕಾಣವಲ್ಲದು.”

ಚಿತ್ರದಲ್ಲಿ ಆ ಮಾತು ಇಲ್ಲ. ಅದು ಅಪ್ಪನ ದನಿ. ನಮ್ಮೆಲ್ಲರಿಗೂ ಪರದೆ ಬರೆದು ತೋರಿಸುತ್ತಿದ್ದ ದಿನಗಳ ದನಿ, ನಾಲ್ಕು ವರ್ಷದಿಂದ ನಾನು ಕೇಳದ ದನಿ. ತೆರೆಯ ಮೇಲೆ ಹೊನ್ನಿ ಇಳಿಯುತ್ತಲೇ ಇದ್ದಾಳೆ, ಅವಳನ್ನು ನಿಲ್ಲಿಸಲು ನನ್ನಿಂದ ಆಗುವುದಿಲ್ಲ, ಹಾಗೆ ಬರೆದಾಗಿದೆ. ಜನ ಎಲ್ಲ ನನ್ನ ಕಡೆ ತಿರುಗಿದರು. ಹೇಗೋ ಹೇಳಿದೆ, “ನಾ ನಿಂದರೂದಿಲ್ಲ. ಆದ್ರ ದೀಪ ನನ್ನ ಕೈಯಾಗ ಐತಿ. ಹಿಂದಿನಿಂದ ಬರ್ರಿ, ಬೆಳಕ ಹಿಡಿತೇನಿ.”

ಹೊನ್ನಿ ದೀಪ ಎತ್ತಿ ಹಿಡಿದು ಕೊನೆಯ ಮೆಟ್ಟಿಲು ಇಳಿದಳು. ಆ ದೀಪ ಎತ್ತುವುದನ್ನು ನಾನು ಎರಡು ವರ್ಷದ ಹಿಂದೆ ಬರೆದಿದ್ದೆ, ಬೇರೆ ಯಾವುದೋ ಕಾರಣಕ್ಕೆ. ನಿನ್ನೆ ಅದು ಈ ಮಾತಿಗೇ ಬರೆದದ್ದು ಎನ್ನುವಂತೆ ಕೂಡಿತು. ಇದು ಹೇಗಾಯಿತು ಎಂದು ನನಗೆ ಈಗಲೂ ತಿಳಿಯುತ್ತಿಲ್ಲ.

ಯಾರೋ ಕಂಬಳಿ ಸರಿಸಿದರು, ಬಿಸಿಲು ಬಂತು. ಯಲ್ಲಾಲಿಂಗ ಬಾಕ್ಸ್ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿದ್ದರು.

ಅಪ್ಪ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ಕಾಲು ತೊಳೆದುಕೊಂಡರು. ಅತ್ತೆ ಬಿಸಿ ರೊಟ್ಟಿ ಬಡಿದು ಹಾಕಿದರು. ಅಪ್ಪ ತಲೆ ಬಗ್ಗಿಸಿ ಊಟ ಮಾಡಿದರು. ಎದುರಿಗೆ ಯಲ್ಲಾಲಿಂಗ ಕೂತಿದ್ದರು. ಆಮೇಲೆ ಯಲ್ಲಾಲಿಂಗ, ಏನಾದರೂ ಕೇಳಬೇಕಲ್ಲ ಎಂದು, “ಮಾಮಾರ, ನಾ ಹೇಳಿದ್ದಕ್ಕಿಂತ ನೀವು ಹೇಳಿದ ಮಾತಽ ಛಲೋ ಐತ್ರಿ. ಇನ್ನೊಮ್ಮೆ ನಿಮ್ಮ ದನಿ ಹಿಡಕೊಂಡು ಪಿಚ್ಚರಿಗೆ ಹಾಕೂಣೇನ್ರಿ?” ಎಂದು ಕೇಳಿದರು.

ಅಪ್ಪ ಕೈಯಲ್ಲಿದ್ದ ತುತ್ತು ತಾಟಿನಲ್ಲಿಟ್ಟರು. ಮೊದಲ ಸಲ ಯಲ್ಲಾಲಿಂಗ ಅವರ ಮುಖ ನೋಡಿದರು.

“ಬ್ಯಾಡಪಾ. ಅದು ಪಿಚ್ಚರಿನ ಮಾತಲ್ಲ” ಎಂದರು.

ನಿನ್ನ ಮಗಳು,
ಪ್ರತಿಮಾ